ಚಳಿಗಾಲಕ್ಕೆ ಕೋಳಿಗೂಡು ಹೇಗೆ ಸಿದ್ಧ ಮಾಡುತ್ತೀರಿ? ಹೋದ ವರ್ಷ ಆದದ್ದು ಮತ್ತೆ ಆಗಬಾರದು

ಮೂಡಿಗೆರೆ ಹಿತ್ತಲು (ಅಕ್ಟೋಬರ್ 28)

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಹಿತ್ತಲಲ್ಲಿ ಈಗ 22 ಕೋಳಿ ಇವೆ. 9 ನಾಟಿ ಹ್ಯಾಟೆ, 2 ಹುಂಜ, ಉಳಿದವು ಗಿರಿರಾಜ ಅನ್ನುವ ಸುಧಾರಿತ ತಳಿ. ಮೊನ್ನೆ 30 ಗಿರಿರಾಜ ಮರಿ ಬೇರೆ ತಂದಿದ್ದೇನೆ, ಇವತ್ತಿಗೆ ಅವಕ್ಕೆ 4 ದಿನ.

ಹೋದ ವರ್ಷ ಡಿಸೆಂಬರ್‌ನಲ್ಲಿ ಮಂಜು ಜಾಸ್ತಿ ಬೀಳುತ್ತದೆ ಅಂತ ಗೂಡಿನ ನಾಲ್ಕೂ ಕಡೆ ನೀಲಿ ಟಾರ್ಪಾಲ್ ಸುತ್ತಿ, ಬಾಗಿಲ ಸಂದಿಗೂ ಗೋಣಿಚೀಲ ತುರುಕಿ ಬಿಗಿಯಾಗಿ ಕಟ್ಟಿದ್ದೆ. ಬೆಚ್ಚಗಿರಲಿ ಅಂತ. ಬೆಳಿಗ್ಗೆ ಬಾಗಿಲು ತೆಗೆದರೆ ಒಳಗಿನ ಘಾಟು ಕಣ್ಣಿಗೆ ಹೊಡೆಯುತ್ತಿತ್ತು. ತಗಡಿನ ಒಳಗಡೆ ಪೂರ್ತಿ ನೀರಿನ ಹನಿ. ಅದು ತೊಟ್ಟಿಕ್ಕಿ ಕೆಳಗೆ ಹಾಸಿದ್ದ ಹೊಟ್ಟು ಪೂರ್ತಿ ಅಂಟಂಟು. ಜನವರಿ ಹೊತ್ತಿಗೆ ಒಂದೊಂದಕ್ಕೇ ಮುಖ ಊದಿಕೊಂಡಿತು, ಕಣ್ಣಲ್ಲಿ ನೊರೆ, ಮೂಗಲ್ಲಿ ಸಿಂಬಳ, ರಾತ್ರಿ ಗೊರ ಗೊರ ಅನ್ನುವ ಸದ್ದು. 6 ಕೋಳಿ ಹೋದವು. ಮೊಟ್ಟೆ ಪೂರ್ತಿ ನಿಂತಿತು. ಅದರಲ್ಲಿ ಒಂದು ಹ್ಯಾಟೆ ನನ್ನ ಮಗಳು ಕೈಯಲ್ಲೇ ಸಾಕಿದ್ದು, ಅವಳು ಎರಡು ದಿನ ಊಟ ಮಾಡಲಿಲ್ಲ.

ಚಳಿ ತಡೆಯಲಾಗದೆ ಸತ್ತವು ಅಂತಲೇ ನಾನು ಅಂದುಕೊಂಡಿದ್ದೆ. ಈ ಸಲ ಇನ್ನೂ ದಪ್ಪ ಟಾರ್ಪಾಲ್ ತರೋಣ ಅಂತ ಹೊರಟಿದ್ದೇನೆ. ಅದಕ್ಕೂ ಮೊದಲು ತಿಳಿದವರನ್ನು ಒಂದು ಮಾತು ಕೇಳೋಣ ಅನ್ನಿಸಿತು. ನವೆಂಬರ್ ಮಧ್ಯದಲ್ಲಿ ಕಾಫಿ ಕುಯ್ಲು ಶುರುವಾದರೆ ನನಗೆ ಇತ್ತ ತಿರುಗಿ ನೋಡಲೂ ಪುರುಸೊತ್ತು ಇರುವುದಿಲ್ಲ.

ಕೋಲಾರದ ಅಕ್ಕ (ಅಕ್ಟೋಬರ್ 28)

ಟಾರ್ಪಾಲ್ ತರಬೇಡಿ ತಮ್ಮಾ, ದಯವಿಟ್ಟು. ನಿಮ್ಮ ಕೋಳಿ ಸತ್ತಿದ್ದು ಚಳಿಗಲ್ಲ, ಗಾಳಿ ಇಲ್ಲದೆ. 18 ವರ್ಷದಿಂದ ಕೋಳಿ ಸಾಕುತ್ತಿದ್ದೇನೆ, ನಾನೂ ಮೊದಲ ಎರಡು ವರ್ಷ ಇದನ್ನೇ ಮಾಡಿ ಕಳೆದುಕೊಂಡವಳು.

ಕೋಳಿಯ ಮೈ ಶಾಖ ಸುಮಾರು 41 ಡಿಗ್ರಿ, ನಮಗಿಂತ ಜಾಸ್ತಿ. ಚಳಿಯಾದಾಗ ಪುಕ್ಕ ಉಬ್ಬಿಸಿಕೊಂಡು ಕೂರುತ್ತದಲ್ವಾ, ಆ ಪುಕ್ಕದ ಸಂದಿಯಲ್ಲಿ ನಿಂತ ಗಾಳಿಯೇ ಅದಕ್ಕೆ ಕಂಬಳಿ. ಪುಕ್ಕ ಒಣಗಿದ್ದರೆ ನಮ್ಮ ಕಡೆಯ ಚಳಿ, ನಿಮ್ಮ ಕಡೆಯ ಚಳಿ ಯಾವುದೂ ದೊಡ್ಡ ಕೋಳಿಗೆ ಲೆಕ್ಕಕ್ಕಿಲ್ಲ. ಆದರೆ 20 ಕೋಳಿ ರಾತ್ರಿಯೆಲ್ಲ ಉಸಿರು ಬಿಟ್ಟು, ಹಿಕ್ಕೆ ಹಾಕಿ, ಆ ತೇವ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ತಗಡಿಗೆ ತಾಗಿ ನೀರಾಗಿ ಅವುಗಳ ಮೈಮೇಲೇ ಬೀಳುತ್ತದೆ. ಒದ್ದೆ ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ. ನಿಮ್ಮ ಕಣ್ಣಿಗೆ ಹೊಡೆದಿದ್ದು ಅದೇ. ನೀವು ಬಾಗಿಲಲ್ಲಿ ಒಂದು ನಿಮಿಷ ನಿಂತಿರಿ, ಅವು ಹನ್ನೆರಡು ಗಂಟೆ ಅದರೊಳಗೆ ಇದ್ದವು. ಗಂಟಲು, ಮೂಗಿನ ಒಳಗೆಲ್ಲ ಸುಟ್ಟ ಹಾಗೆ ಆಗಿ ರೋಗ ಹತ್ತುವುದು ಸುಲಭವಾಗುತ್ತದೆ. ಮುಖ ಊದುವುದು, ನೊರೆ ಕಣ್ಣು, ಗೊರಗೊರ ಎಲ್ಲ ಹಾಗೆ ಬಂದದ್ದೇ.

ಹಾಗಂತ ಗಾಳಿ ನೇರ ಮೈಮೇಲೆ ಬೀಸಬಾರದು. ಗೊಂದಲ ಆಗುವುದು ಇಲ್ಲೇ. ಕೋಳಿ ಕೂತ ಎತ್ತರದಲ್ಲಿ ಗಾಳಿ ನುಗ್ಗಬಾರದು, ತಲೆಯ ಮೇಲೆ, ಸೂರಿನ ಹತ್ತಿರ, ಗಾಳಿ ಆಡುತ್ತಲೇ ಇರಬೇಕು. ಅದಕ್ಕೇ ಪರದೆಯನ್ನು ಮೇಲಿಂದ ಕೆಳಕ್ಕೆ ಇಳಿಬಿಡಬೇಡಿ. ಅಂಗಡಿ ಮುಂದೆ ಬಿಸಿಲಿಗೆ ಕಟ್ಟುತ್ತಾರಲ್ಲ, ಎಲ್ಲರೂ ಗೂಡಿಗೂ ಹಾಗೇ ಕಟ್ಟುತ್ತಾರೆ. ಆಗ ಮೇಲೆ ಮುಚ್ಚಿ ಕೆಳಗೆ ಸಂದಿ ಉಳಿಯುತ್ತದೆ, ಪೂರ್ತಿ ಉಲ್ಟಾ. ಪರದೆಯ ಕೆಳ ಅಂಚನ್ನು ಗೂಡಿನ ಬುಡಕ್ಕೆ ಮೊಳೆ ಹೊಡೆದು ನಿಲ್ಲಿಸಿ. ಮೇಲಿನ ಅಂಚಿಗೆ ಒಂದು ಬಿದಿರಿನ ಗಳ ಹೊಲಿದು, ಗಳದ ಎರಡು ತುದಿಗೆ ಹಗ್ಗ ಕಟ್ಟಿ ಸೂರಿನ ಕೆಳಗಿಂದ ಎಳೆಯುವ ಹಾಗೆ ಮಾಡಿ. ರಾತ್ರಿ ಎಳೆದು ಮೇಲೆ ಒಂದು ಅಡಿ ಬಿಟ್ಟು ಕಟ್ಟಿ. ಬೆಳಿಗ್ಗೆ ಬಿಸಿಲು ಬಂದ ಮೇಲೆ ಹಗ್ಗ ಸಡಿಲಿಸಿದರೆ ಪರದೆ ತಾನಾಗೇ ಕೆಳಗೆ ಬೀಳುತ್ತದೆ. ಹೊಲಿದ ಗೋಣಿಚೀಲವೇ ಸಾಕು, ಪ್ಲಾಸ್ಟಿಕ್‌ಗಿಂತ ಒಳ್ಳೆಯದು.

ಆ ಒಂದು ಅಡಿ ಜಾಗಕ್ಕೆ ಅರ್ಧ ಇಂಚಿನ ವೆಲ್ಡ್ ಮೆಶ್ ಜಾಲರಿ ಹೊಡೆಯಿರಿ, ಬಿಟ್ಟರೆ ಕಾಡುಬೆಕ್ಕಿಗೆ ನೀವೇ ಬಾಗಿಲು ತೆಗೆದ ಹಾಗೆ.

ಬೀದರ್ ಹೊಲ (ಅಕ್ಟೋಬರ್ 28)

ಅಕ್ಕ ಹೇಳಿದ್ದು ಸರಿ. ನಮ್ಮ ಕಡೆ ತೇವ ಇಲ್ಲ, ಒಣ ಚಳಿ. ಡಿಸೆಂಬರ್ ಕೊನೆಗೆ ಬೆಳಗಿನ ಜಾವ 10 ಡಿಗ್ರಿಗಿಂತ ಕೆಳಗೆ ಹೋಗುವುದು ಹೊಸದಲ್ಲ, ಮೇಲಿಂದ ಗಾಳಿ. ನಮಗೆ ಗಾಳಿಯದ್ದೇ ಕಾಟ. ಅದು ಮೂಡಣ, ಬಡಗಣ ದಿಕ್ಕಿನಿಂದ ಬರುತ್ತದೆ. ಹಾಗಾಗಿ ಆ ಎರಡು ಬದಿಗೆ ಮಾತ್ರ ತೊಗರಿ ಕಟ್ಟಿಗೆಯ ತಡಿಕೆ ಕಟ್ಟಿ, ಅದಕ್ಕೆ ಸಗಣಿ ಮಣ್ಣು ಸಾರಿಸುತ್ತೇವೆ. ದಕ್ಷಿಣದ ಕಡೆ ಬರೀ ಜಾಲರಿ. ಹಗಲೆಲ್ಲ ಬಿಸಿಲು ಒಳಗೆ ಬೀಳುತ್ತದೆ, ಹೊಟ್ಟು ಗರಿ ಗರಿ ಒಣಗಿರುತ್ತದೆ. ಕೆಲಸಕ್ಕೆ ಒಂದು ಮಧ್ಯಾಹ್ನ ಸಾಕು, ಖರ್ಚು ಏನೂ ಇಲ್ಲ.

ಜಾಸ್ತಿ ಚಳಿ ಇದ್ದ ದಿನ ಒಂದು ಮಡಕೆಯಲ್ಲಿ ಕೆಂಡ ಹಾಕಿ ಗೂಡಿನ ಮೂಲೆಯಲ್ಲಿ ಇಟ್ಟುಬಿಡುತ್ತೇವೆ. ನಮ್ಮಜ್ಜಿ ಕಾಲದಿಂದ ಬಂದದ್ದು.

ದನದ ಡಾಕ್ಟ್ರು, ನಿವೃತ್ತ (ಅಕ್ಟೋಬರ್ 29)

ಬೀದರ್ ಅವರೇ, ನಿಮ್ಮ ತಡಿಕೆ ಗೋಡೆ ಬಹಳ ಚೆನ್ನಾಗಿದೆ. ಕೆಂಡದ ಮಡಕೆ ಬೇಡ. ಅಜ್ಜಿಯ ಕಾಲದ ಗೂಡಿಗೆ ಹೆಂಚಿನ ಸೂರು, ನೂರೆಂಟು ಸಂದಿ ಇರುತ್ತಿದ್ದವು, ಹೊಗೆ ಹೋಗುತ್ತಿತ್ತು. ಈಗಿನ ತಗಡಿನ ಗೂಡಿನಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆಯಲ್ಲೇ ಎಲ್ಲ ಮುಗಿಯುತ್ತದೆ. ಕೆಂಡದ ಮಡಕೆ ಇಟ್ಟು ರಾತ್ರಿ ಕಳೆಯುವಷ್ಟರಲ್ಲಿ ಎಲ್ಲ ಕೋಳಿ ಸತ್ತುಬಿದ್ದ ಮನೆಗೆ ನಾನು ಹೋಗಿದ್ದೇನೆ. ಮೈಮೇಲೆ ಒಂದು ಗಾಯ ಇರಲಿಲ್ಲ. ಮನೆಯವರು ಯಾರೋ ವಿಷ ಹಾಕಿದ್ದಾರೆ ಅಂತ ಪಕ್ಕದ ಮನೆಯವರ ಜೊತೆ ಜಗಳಕ್ಕೆ ನಿಂತಿದ್ದರು.

ಮೂಡಿಗೆರೆ ಅವರಿಗೆ ಒಂದು ತುರ್ತು ಮಾತು. ಮರಿಗಳಿಗೆ 4 ದಿನ ಅಂದಿರಿ. 5ರಿಂದ 7ನೇ ದಿನದೊಳಗೆ ಕೊಕ್ಕರೆ ರೋಗದ (ರಾಣಿಖೇತ್) ಮೊದಲ ಲಸಿಕೆ, ಲಸೋಟಾ ಅಥವಾ ಎಫ್ ಸ್ಟ್ರೇನ್ ಹೆಸರಿನದು, ಒಂದು ಹನಿ ಕಣ್ಣಿಗೆ ಹಾಕಿಸಿ. ಗಂಬೋರೊ ಅನ್ನುವ ಇನ್ನೊಂದು ರೋಗದ ಲಸಿಕೆ 14ನೇ ದಿನದ ಹೊತ್ತಿಗೆ. ನಾಲ್ಕನೇ ವಾರಕ್ಕೆ ಮತ್ತೆ ಲಸೋಟಾ. ಎಂಟು ವಾರಕ್ಕೆ ಅದೇ ಕೊಕ್ಕರೆ ರೋಗಕ್ಕೆ ಆರ್2ಬಿ ಅನ್ನುವ ಚುಚ್ಚುಮದ್ದು, ಅದಕ್ಕೆ ಒಂದು ವಾರ ಮೊದಲು ಜಂತುಹುಳದ ಔಷಧಿ. ಆರ್2ಬಿಯನ್ನು ಎಳೆ ಮರಿಗೆ ಕೊಡಬೇಡಿ, ಮರಿಗೆ ಅದನ್ನು ತಡೆದುಕೊಳ್ಳಲು ಆಗುವುದಿಲ್ಲ. ದೊಡ್ಡ ಕೋಳಿಗೆ ಹಾಕಿಸಿ ಎಷ್ಟು ಕಾಲವಾಯಿತು ನೆನಪಿದೆಯೇ? ಕತ್ತು ತಿರುಚುವುದು, ಹಸಿರು ಬೇಧಿ, ಬಾಯಿ ತೆರೆದು ಉಸಿರಾಡುವುದು ಕಂಡ ಮೇಲೆ ಲಸಿಕೆ ಹಾಕಿ ಪ್ರಯೋಜನವಿಲ್ಲ. ಆ ರೋಗಕ್ಕೆ ಔಷಧಿಯೇ ಇಲ್ಲ.

ಒಂದು ಸೀಸೆ ಲಸಿಕೆ ನೂರು, ಇನ್ನೂರು ಕೋಳಿಗೆ ಬರುತ್ತದೆ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಹಾಗಾಗಿ ಅಕ್ಕಪಕ್ಕದ ನಾಲ್ಕೈದು ಮನೆಯವರು ಸೇರಿ ಒಂದೇ ದಿನ ಹಾಕಿಸಿ. ದುಡ್ಡೂ ಉಳಿಯುತ್ತದೆ, ರೋಗ ಬೇಲಿ ದಾಟಿ ಬರುವುದೂ ತಪ್ಪುತ್ತದೆ. ತರುವಾಗ ಥರ್ಮಾಸ್‌ನಲ್ಲಿ ಐಸ್ ಹಾಕಿಯೇ ತನ್ನಿ. ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಬಂದ ಲಸಿಕೆ ಹಾಕುವುದೂ ಒಂದೇ, ನೀರು ಹಾಕುವುದೂ ಒಂದೇ.

ಮೂಡಿಗೆರೆ ಹಿತ್ತಲು (ಅಕ್ಟೋಬರ್ 29)

ಸರ್, ತುಂಬಾ ಥ್ಯಾಂಕ್ಸ್. ದೊಡ್ಡವಕ್ಕೆ ಹಾಕಿಸಿ ವರ್ಷದ ಮೇಲಾಯಿತು. ನಾಳೆಯೇ ಪಶು ಆಸ್ಪತ್ರೆಗೆ ಹೋಗುತ್ತೇನೆ, ಲೈನ್ ಮನೆಯವರ (ತೋಟದ ಕೆಲಸಗಾರರ) ಕೋಳಿಯೂ ಇವೆ, ಎಲ್ಲ ಸೇರಿಸಿ ಹಾಕಿಸುತ್ತೇನೆ.

ಅಕ್ಕಾ, ಮರಿಗಳ ವಿಷಯ ಕೇಳಬೇಕಿತ್ತು. ಅಡುಗೆಮನೆ ಪಕ್ಕದ ಕಟ್ಟಿಗೆ ಕೋಣೆಯಲ್ಲಿ ರಟ್ಟಿನ ಡಬ್ಬದೊಳಗೆ ಇಟ್ಟು ಮೇಲೆ 12 ವ್ಯಾಟ್ ಎಲ್‌ಇಡಿ ಬಲ್ಬ್ ಹಾಕಿದ್ದೇನೆ. ಬೆಳಕು ಜೋರಾಗಿದೆ. ಆದರೂ ರಾತ್ರಿ ಚೀಂವ್ ಚೀಂವ್ ಅಂತ ಅಳುತ್ತಲೇ ಇರುತ್ತವೆ, ಎಲ್ಲ ಒಂದು ಮೂಲೆಗೆ ಗುಂಪು ಕೂಡುತ್ತವೆ. ನಿನ್ನೆ ಬೆಳಿಗ್ಗೆ ಕೆಳಗೆ ಸಿಕ್ಕಿ ಎರಡು ಸತ್ತಿದ್ದವು.

ಕೋಲಾರದ ಅಕ್ಕ (ಅಕ್ಟೋಬರ್ 29)

ಎಲ್‌ಇಡಿಯಿಂದ ಮರಿಗೆ ಸಾಕಾಗುವಷ್ಟು ಶಾಖ ಬರುವುದಿಲ್ಲ ತಮ್ಮಾ! ಇವತ್ತೇ ಬದಲಾಯಿಸಿ, ನಾಳೆಗೆ ಬಿಡಬೇಡಿ. ಹಳೇ ಕಾಲದ ತಂತಿ ಉರಿಯುವ ಬುರುಡೆ ಬಲ್ಬೇ ಬೇಕು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಇಲ್ಲ ಅಂದರೆ ಕೋಳಿ ಫೀಡ್ ಮಾರುವ ಅಂಗಡಿಯಲ್ಲಿ ವಿಚಾರಿಸಿ. ಮರಿಗೆ 2 ವ್ಯಾಟ್ ಲೆಕ್ಕ, ನಿಮ್ಮ 28 ಮರಿಗೆ 60ರದ್ದು ಒಂದು ಸಾಕು. ಆದರೆ 40ರವು ಎರಡು ಹಾಕಿ, ನಡುರಾತ್ರಿ ಒಂದು ಸುಟ್ಟರೂ ಇನ್ನೊಂದು ಇರುತ್ತದೆ.

ಡಬ್ಬ ಬಿಡಿ. ಮೂಲೆ ಇದ್ದರೆ ಮರಿ ಮೂಲೆಗೇ ಹೋಗಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆ. ಒಂದೂವರೆ ಅಡಿ ಎತ್ತರದ ರಟ್ಟನ್ನೋ ತಗಡನ್ನೋ ದುಂಡಗೆ ಸುತ್ತಿ ನಿಲ್ಲಿಸಿ. ಕೆಳಗೆ ಭತ್ತದ ಹೊಟ್ಟು ಎರಡು ಇಂಚು, ಅದರ ಮೇಲೆ ಮೊದಲ ವಾರ ಪೇಪರ್. ಬಲ್ಬ್ ನೆಲದಿಂದ ಒಂದು, ಒಂದೂಕಾಲು ಅಡಿ ಮೇಲೆ, ತಂತಿಯಿಂದ ಗಟ್ಟಿಯಾಗಿ ಕಟ್ಟಿ, ವೈರ್ ಮೇಲೇ ನೇತುಹಾಕಬೇಡಿ. ಬಿದ್ದರೆ ಹೊಟ್ಟಿಗೆ ಬೆಂಕಿ ಹತ್ತುತ್ತದೆ, ಪಕ್ಕದಲ್ಲಿ ನಿಮ್ಮ ಕಟ್ಟಿಗೆ ಬೇರೆ.

ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ 35 ಡಿಗ್ರಿ ಇರಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿ ಕಡಿಮೆ ಮಾಡುತ್ತಾ ಬನ್ನಿ, ಬಲ್ಬ್ ಸ್ವಲ್ಪ ಮೇಲೆ ಎತ್ತಿದರೆ ಆಯಿತು. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಮುದ್ದೆಯಾಗಿ ಕೂತರೆ ಚಳಿ. ರಟ್ಟಿಗೆ ಅಂಟಿಕೊಂಡು ಬಾಯಿ ತೆರೆದಿದ್ದರೆ ಸೆಕೆ. ಚೆಲ್ಲಿದ ರಾಗಿ ಕಾಳಿನ ಹಾಗೆ ಎಲ್ಲ ಕಡೆ ಹರಡಿ ಸುಮ್ನೆ ಮಲಗಿದ್ದರೆ ಸರಿಯಾಗಿದೆ ಅಂತ ಅರ್ಥ.

ಕರೆಂಟು ಹೋಗುತ್ತದಲ್ವಾ ನಿಮ್ಮಲ್ಲಿ? ಎರಡು ಲೀಟರ್ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಮಧ್ಯದಲ್ಲಿ ಮಲಗಿಸಿಡಿ. ಮರಿಗಳು ಅದಕ್ಕೆ ಒರಗಿಕೊಳ್ಳುತ್ತವೆ. ಮುಂದಿನ ಸಲ ಚಳಿಗಾಲದಲ್ಲಿ ಗಿರಿರಾಜ ಮೊಟ್ಟೆಯನ್ನು ನಾಟಿ ಹ್ಯಾಟೆಗೆ ಕಾವು ಕೂರಿಸಿ. ಗಿರಿರಾಜ ತಾನು ಕಾವಿಗೆ ಕೂರುವುದು ಅಪರೂಪ, ನಾಟಿ ತಾಯಿ ಆದರೆ ಯಾವ ಬಲ್ಬೂ ಬೇಡ.

ಮಿಶಿಗನ್ ಕನ್ನಡತಿ (ಅಕ್ಟೋಬರ್ 30)

ಇಲ್ಲಿಂದಲೂ ಒಂದು ಮಾತು. ನಾನು ತುಮಕೂರಿನವಳು, ಈಗ ಅಮೆರಿಕದ ಮಿಶಿಗನ್‌ನಲ್ಲಿ ಇದ್ದೇನೆ, ಹಿತ್ತಲಲ್ಲಿ 7 ಹ್ಯಾಟೆ ಇವೆ. ಬಫ್ ಆರ್ಪಿಂಗ್ಟನ್ ಮತ್ತು ವಯಾಂಡಾಟ್ ತಳಿ. ಇಲ್ಲಿ ಜನವರಿಯಲ್ಲಿ ಸೊನ್ನೆಗಿಂತ 15, 20 ಡಿಗ್ರಿ ಕೆಳಗೆ ಹೋಗುವ ರಾತ್ರಿಗಳಿರುತ್ತವೆ. ಮೊದಲ ಚಳಿಗಾಲ ನಾನೂ ಹೆದರಿ ಹೀಟ್ ಲ್ಯಾಂಪ್ ತಂದೆ. ಅಕ್ಕಪಕ್ಕದ ಅನುಭವಸ್ಥರು ಬೇಡವೇ ಬೇಡ ಅಂದರು, ಇಲ್ಲಿ ಆ ಲ್ಯಾಂಪಿನಿಂದ ಗೂಡಿಗೆ ಬೆಂಕಿ ಬೀಳುವುದು ಪ್ರತಿ ವರ್ಷ ಕೇಳುವ ಸುದ್ದಿ. ವಾಪಸ್ ಕೊಟ್ಟೆ. ಮೂರು ಚಳಿಗಾಲವಾಯಿತು, ದೊಡ್ಡ ಕೋಳಿಗೆ ಶಾಖ ಕೊಟ್ಟಿಲ್ಲ, ಒಂದೂ ಚಳಿಗೆ ಸತ್ತಿಲ್ಲ.

ಒಂದು ವರ್ಷ ಮಾತ್ರ ಹಿಮ ಒಳಗೆ ಬರುತ್ತದೆ ಅಂತ ಸೂರಿನ ಕೆಳಗಿನ ಕಿಂಡಿಗೆ ಹಲಗೆ ಹೊಡೆದೆ. ನಾಲ್ಕೇ ದಿನಕ್ಕೆ ಒಂದು ಕೋಳಿಯ ಜುಟ್ಟಿನ ತುದಿ ಕಪ್ಪಾಯಿತು. ತೇವ ಜುಟ್ಟಿಗೆ ಕೂತು ಹೆಪ್ಪುಗಟ್ಟಿದ್ದು. ಹಲಗೆ ತೆಗೆದ ಮೇಲೆ ಬೇರೆ ಯಾವ ಕೋಳಿಗೂ ಹಾಗಾಗಲಿಲ್ಲ. ಅಷ್ಟು ಚಳಿಯಲ್ಲೂ ಕಿಂಡಿ ತೆರೆದೇ ಇಡಬೇಕು ಅಂದರೆ ಮೂಡಿಗೆರೆಯಲ್ಲಿ ಏನು ಭಯ ಹೇಳಿ?

ಕೂರುವ ಗಳದ ಬಗ್ಗೆ ಯಾರೂ ಹೇಳಲಿಲ್ಲ. ಜಿಐ ಪೈಪ್ ಹಾಕಿದ್ದರೆ ತೆಗೆಯಿರಿ, ಕಬ್ಬಿಣ ಕಾಲಿನ ಶಾಖ ಎಳೆದುಕೊಳ್ಳುತ್ತದೆ. ಎರಡು ಇಂಚು ಅಗಲದ ರೀಪರ್ ಮರವನ್ನು ಅಗಲ ಭಾಗ ಮೇಲೆ ಬರುವ ಹಾಗೆ ಹೊಡೆದರೆ ಕೋಳಿ ಪಾದದ ಮೇಲೇ ಮೈ ಇಳಿಸಿ ಕೂರುತ್ತದೆ, ಬೆರಳೆಲ್ಲ ಪುಕ್ಕದೊಳಗೆ ಮುಚ್ಚಿಹೋಗುತ್ತವೆ. ರಾತ್ರಿ ಟಾರ್ಚ್ ಹಾಕಿ ನೋಡಿ, ಒಂದು ಉಗುರೂ ಕಾಣಬಾರದು. ಒಂದು ಕೋಳಿಗೆ 8ರಿಂದ 10 ಇಂಚು ಜಾಗ.

ಬೀದರ್ ಹೊಲ (ಅಕ್ಟೋಬರ್ 30)

ಡಾಕ್ಟ್ರೇ, ನಿಮ್ಮ ಮಾತು ಓದಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಕೆಂಡದ ಮಡಕೆ ಇವತ್ತೇ ನಿಲ್ಲಿಸಿದೆ. ಮನೆಯಲ್ಲೂ ಕೋಣೆ ಬಾಗಿಲು ಹಾಕಿಕೊಂಡು ಕೆಂಡ ಇಟ್ಟು ಮಲಗುವ ಅಭ್ಯಾಸ ಇತ್ತು, ಅದನ್ನೂ ನಿಲ್ಲಿಸಲು ಹೇಳಿದೆ.

ದನದ ಡಾಕ್ಟ್ರು, ನಿವೃತ್ತ (ಅಕ್ಟೋಬರ್ 30)

ಬಹಳ ಒಳ್ಳೆಯ ಕೆಲಸ ಮಾಡಿದಿರಿ. ಮನೆಯದ್ದು ಗೂಡಿಗಿಂತ ಮುಖ್ಯ.

ಬನಶಂಕರಿ ಟೆರೇಸ್ (ನವೆಂಬರ್ 2)

ನನ್ನದು ಬೆಂಗಳೂರಿನಲ್ಲಿ ಮಹಡಿ ಮೇಲೆ 5 ಸ್ವರ್ಣಧಾರಾ ತಳಿಯ ಕೋಳಿ. ಸೆಪ್ಟೆಂಬರ್‌ವರೆಗೆ ದಿನಕ್ಕೆ 3, 4 ಮೊಟ್ಟೆ ಬರುತ್ತಿತ್ತು, ಈಗ ವಾರಕ್ಕೆ 3. ಪುಕ್ಕ ಬೇರೆ ಉದುರುತ್ತಿದೆ, ಒಂದರ ಕತ್ತು ಪೂರ್ತಿ ಬೋಳು. ಫೀಡ್ ಅಂಗಡಿಯವರು ಮೊಟ್ಟೆ ಟಾನಿಕ್ ಅಂತ 480 ರೂಪಾಯಿಯ ಬಾಟಲಿ ಕೊಟ್ಟರು, ಏನೂ ಆಗಲಿಲ್ಲ. ಏನು ಮಾಡಲಿ?

ಕೋಲಾರದ ಅಕ್ಕ (ನವೆಂಬರ್ 2)

ಒಂದೂವರೆ ವರ್ಷ ಆಗಿರಬೇಕು ಅವಕ್ಕೆ, ಅಲ್ವಾ? ಇದು ರೋಗವಲ್ಲ, ಪುಕ್ಕ ಬದಲಾಯಿಸುವ ಕಾಲ. ಪುಕ್ಕದಲ್ಲಿ ನೂರಕ್ಕೆ 85 ಪಾಲು ಪ್ರೋಟೀನ್. ತಿಂದದ್ದೆಲ್ಲ ಅದಕ್ಕೇ ಹೋಗುವಾಗ ಮೊಟ್ಟೆಗೆ ಎಲ್ಲಿಂದ ಬರಬೇಕು? ಈಗ ಬರೀ ಜೋಳ, ಅಕ್ಕಿ ನುಚ್ಚು ಹಾಕಿದರೆ ಕೊಬ್ಬು ಬರುತ್ತದೆ ಅಷ್ಟೇ. ಲೇಯರ್ ಫೀಡ್ (ಮೊಟ್ಟೆ ಕೋಳಿಯ ಮೇವು) ಜೊತೆ ಸ್ವಲ್ಪ ಒಣ ಮೀನಿನ ಪುಡಿ, ಇಲ್ಲವೇ ಕಡಲೆಕಾಯಿ ಹಿಂಡಿ ಕೊಡಿ. ಹಿಂಡಿಯನ್ನು ಮುರಿದು ಮೂಸಿ ನೋಡಿ ತನ್ನಿ. ಮುಗ್ಗಲು ವಾಸನೆ ಬಂದರೆ ಬೇಡ, ಬೂಷ್ಟಿನ ವಿಷ ಕೋಳಿಯ ಯಕೃತ್ತನ್ನು ಕೆಡಿಸುತ್ತದೆ. ನುಗ್ಗೆ ಸೊಪ್ಪು ದಿನಾ ಒಂದು ಹಿಡಿ. ಮುಸುಕಿನ ಜೋಳದ ಕಾಳು ಸಂಜೆ ಗೂಡಿಗೆ ಸೇರುವ ಮೊದಲು ಮಾತ್ರ, ರಾತ್ರಿಯೆಲ್ಲ ಕರಗುತ್ತಾ ಒಳಗಿಂದ ಶಾಖ ಕೊಡುತ್ತದೆ.

ಇನ್ನೊಂದು ಕಾರಣ ಹಗಲು. ಹ್ಯಾಟೆ ಚೆನ್ನಾಗಿ ಮೊಟ್ಟೆ ಇಡಲು 14 ಗಂಟೆಯ ಮೇಲೆ ಬೆಳಕು ಬೇಕು. ಡಿಸೆಂಬರ್‌ನಲ್ಲಿ ಬೆಂಗಳೂರಿನ ಹಗಲು ಹನ್ನೊಂದೂವರೆ ಗಂಟೆಯೂ ತುಂಬುವುದಿಲ್ಲ. ಬೇಕಾದರೆ ಬೆಳಗಿನ ಜಾವ ಒಂದು ಸಣ್ಣ ಬಲ್ಬ್ ಹಾಕಿ, ಇದಕ್ಕೆ ಎಲ್‌ಇಡಿ ನಡೆಯುತ್ತದೆ. ಸಂಜೆ ಹಾಕಿ ಫಟ್ ಅಂತ ಆರಿಸಿದರೆ ಕೋಳಿ ಗಳ ಹತ್ತದೆ ಕತ್ತಲಲ್ಲಿ ನೆಲದಲ್ಲೇ ಉಳಿಯುತ್ತವೆ. ನಾನಂತೂ ಹಾಕುವುದಿಲ್ಲ. ವರ್ಷಕ್ಕೆ ಎರಡು ತಿಂಗಳು ಅವುಗಳ ಮೈಗೂ ರಜೆ ಬೇಕು. ಟಾನಿಕ್ ದುಡ್ಡಿಗೆ ಮೀನಿನ ಪುಡಿ ಕೊಂಡಿದ್ದರೆ ಎರಡು ತಿಂಗಳು ಬರುತ್ತಿತ್ತು.

ಮಿಶಿಗನ್ ಕನ್ನಡತಿ (ನವೆಂಬರ್ 2)

ಇಲ್ಲಿ ಡಿಸೆಂಬರ್‌ನಲ್ಲಿ ಹಗಲು 9 ಗಂಟೆ ಅಷ್ಟೇ. ನಾನು ಬೆಳಗಿನ ಲೈಟ್ ಹಾಕುತ್ತೇನೆ, ಆದರೆ ಪುಕ್ಕ ಪೂರ್ತಿ ಬಂದ ಮೇಲೆ. ಅಕ್ಕನ ಮಾತು ಒಪ್ಪುವಂಥದ್ದೇ.

ದನದ ಡಾಕ್ಟ್ರು, ನಿವೃತ್ತ (ನವೆಂಬರ್ 3)

ನೀರಿನ ಬಗ್ಗೆಯೂ ಗಮನ ಇರಲಿ. ತಣ್ಣಗೆ ಕೊರೆಯುವ ನೀರನ್ನು ಕೋಳಿ ಕಡಿಮೆ ಕುಡಿಯುತ್ತದೆ, ನೀರು ಕಡಿಮೆಯಾದರೆ ಮೇವೂ ಕಡಿಮೆ, ಮೊಟ್ಟೆಯೂ ಕಡಿಮೆ. ಬೆಳಿಗ್ಗೆ ಉಗುರುಬೆಚ್ಚಗಿನ ನೀರು ಇಡಿ. ರಾತ್ರಿ ನೀರಿನ ಪಾತ್ರೆ ಗೂಡಿನೊಳಗೆ ಬೇಡ, ಚೆಲ್ಲಿ ಹೊಟ್ಟು ಒದ್ದೆಯಾಗುವುದಕ್ಕೆ ಅದೇ ಮೊದಲ ಕಾರಣ.

ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಕೆರೆಗಳಿಗೆ ಬರುತ್ತವೆ. ಹಕ್ಕಿಜ್ವರ ನಮ್ಮ ರಾಜ್ಯಕ್ಕೆ ಹೊಸದಲ್ಲ, 2020ರ ಮಾರ್ಚ್‌ನಲ್ಲಿ ಮೈಸೂರಿನಲ್ಲಿ, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಕಡೆ ಕಾಣಿಸಿಕೊಂಡಿತ್ತು. ಕೆರೆಯ ನೀರು ಕುಡಿಸಬೇಡಿ. ಒಟ್ಟೊಟ್ಟಿಗೆ ಕೋಳಿ ಸತ್ತರೆ ಬರಿಗೈಯಲ್ಲಿ ಮುಟ್ಟದೆ, ಮಾರದೆ, ಪಶು ಆಸ್ಪತ್ರೆಗೆ ತಿಳಿಸಿ.

ಮೂಡಿಗೆರೆ ಹಿತ್ತಲು (ಡಿಸೆಂಬರ್ 14)

ಕುಯ್ಲು ನಡೆಯುತ್ತಿದೆ, ತಡವಾಗಿ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಪರದೆ ಅಕ್ಕ ಹೇಳಿದ ಹಾಗೇ ಕೆಳಗಿಂದ ಮೇಲಕ್ಕೆ ಕಟ್ಟಿದೆ. ಗೊಬ್ಬರದ ಗೋಣಿ ಬೇಡ ಅಂತ ಕಾಫಿ ತುಂಬುವ ಹಳೇ ಸೆಣಬಿನ ಚೀಲ ಹನ್ನೊಂದನ್ನು ಅಮ್ಮ ಹೊಲಿದುಕೊಟ್ಟರು. ತಗಡಿನ ಮೇಲೆ ಅಡಿಕೆ ಸೋಗೆ ಹೊದಿಸಿದೆ. ಪೈಪ್ ತೆಗೆದು ಸಿಲ್ವರ್ ಓಕ್ ರೀಪರ್ ಹೊಡೆದೆ. ಮಿಲ್ಲಿನಿಂದ ಭತ್ತದ ಹೊಟ್ಟು ತಂದು ಆರು ಇಂಚು ಹಾಕಿ, ಮೂರು ದಿನಕ್ಕೊಮ್ಮೆ ಕೊಕ್ಕೆಯಲ್ಲಿ ಕೆದರುತ್ತೇನೆ. ಒಂದು ಹಿಡಿ ತೆಗೆದು ಹಿಂಡಿ ಬಿಟ್ಟರೆ ಉಂಡೆ ನಿಲ್ಲುವುದಿಲ್ಲ, ಉದುರುತ್ತದೆ.

ಮೊನ್ನೆ ಬೆಳಿಗ್ಗೆ ಆರು ಗಂಟೆಗೆ ಹೊರಗೆ 12 ಡಿಗ್ರಿ ಇತ್ತು, ಹತ್ತು ಮಾರು ದೂರದ ಕಿತ್ತಳೆ ಗಿಡ ಕಾಣದಷ್ಟು ಮಂಜು. ಗೂಡಿನೊಳಗೆ 15. ನಾನು ಒಳಗೆ ಹೋಗಿ ಕೋಳಿಯ ಎತ್ತರಕ್ಕೇ ಕುಕ್ಕರುಗಾಲಲ್ಲಿ ಐದು ನಿಮಿಷ ಕೂತೆ. ಘಾಟು ಇಲ್ಲ. ತಗಡಿಗೆ ಕೈ ಸವರಿ ನೋಡಿದೆ, ಒಣಗಿತ್ತು. ಹ್ಯಾಟೆಗಳು ಸಾಲಾಗಿ ಪುಕ್ಕ ಉಬ್ಬಿಸಿ ಕೂತಿದ್ದವು, ಒಂದು ಉಗುರೂ ಕಾಣಲಿಲ್ಲ. ಒಂದಕ್ಕೂ ಗೊರಗೊರ ಇಲ್ಲ. 28 ಮರಿಯಲ್ಲಿ 27 ಉಳಿದಿವೆ, ಒಂದನ್ನು ಮುಂಗುಸಿ ಒಯ್ದಿತು. ಲಸಿಕೆ ಎರಡು ಸುತ್ತು ಆಯಿತು, ಲೈನ್ ಮನೆಯದ್ದೂ ಸೇರಿ 64 ಕೋಳಿಗೆ.

ಈಗ ಒಂದೇ ಚಿಂತೆ. ಒಂದು ಕರಿ ನಾಟಿ ಹ್ಯಾಟೆ ಗೂಡಿಗೆ ಬರುವುದೇ ಇಲ್ಲ, ಹಲಸಿನ ಮರದ ಮೇಲೆ ಮಂಜಲ್ಲೇ ಮಲಗುತ್ತದೆ. ಬೆಳಿಗ್ಗೆ ಇಳಿಯುವಾಗ ಬೆನ್ನೆಲ್ಲ ಒದ್ದೆ ಇರುತ್ತದೆ.

ಕೋಲಾರದ ಅಕ್ಕ (ಡಿಸೆಂಬರ್ 14)

ಓದಿ ಕಣ್ಣು ತುಂಬಿತು ತಮ್ಮಾ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಕರಿ ಹ್ಯಾಟೆಯನ್ನು ಹಗಲು ಅಟ್ಟಿಸಿಕೊಂಡು ಹೋಗಬೇಡಿ, ಇನ್ನೂ ಮೇಲೆ ಹತ್ತುತ್ತದೆ. ಪೂರ್ತಿ ಕತ್ತಲಾಗಲಿ. ಕತ್ತಲಲ್ಲಿ ಕೋಳಿಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ಸುಮ್ನೆ ಕೂತಿರುತ್ತದೆ. ಏಣಿ ಹಾಕಿ, ಟಾರ್ಚ್ ಆರಿಸಿ, ಎರಡೂ ರೆಕ್ಕೆ ಸೇರಿಸಿ ಹಿಡಿದು ತಂದು ಗೂಡಿನ ಗಳದ ಮೇಲೆ ಉಳಿದವುಗಳ ಮಧ್ಯೆ ಕೂರಿಸಿ. ನಾಲ್ಕು ದಿನ ಹೊರಗೆ ಬಿಡಬೇಡಿ, ಒಳಗೇ ನೀರು, ಕಾಳು ಕೊಡಿ. ಐದನೇ ದಿನ ಸಂಜೆ ಬಿಟ್ಟು ನೋಡಿ, ತಾನಾಗೇ ಬರುತ್ತದೆ.

ಮೂಡಿಗೆರೆ ಹಿತ್ತಲು (ಡಿಸೆಂಬರ್ 14)

ಆಯಿತು ಅಕ್ಕಾ. ಮೆಣಸು ಕುಯ್ಯುವ ಏಣಿ ಇದೆ, ಮಗಳು ಕೆಳಗೆ ಹಿಡಿದುಕೊಳ್ಳುತ್ತಾಳೆ. ಇವತ್ತು ಏಳು ಗಂಟೆಯ ಮೇಲೆ ಹತ್ತುತ್ತೇನೆ.